ದಾರಿ ತೋರಿಸಿ, ನಡೆಯಲು ಬಿಟ್ಟವರು

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಂಥ ಮಕ್ಕಳ ಬದುಕು ಮನೆಯ ಕಟ್ಟೆಯ ಮೇಲೆಯೇ ಕಳೆದುಹೋಗುತ್ತಿದ್ದ ಕಾಲವದು. ಆ ಹುಡುಗನ ಕಂಠವನ್ನು ಗುರುತಿಸಿದವರು ಹಾನಗಲ್ ವಿರಕ್ತಮಠದ ಕುಮಾರ ಸ್ವಾಮಿಗಳು. ‘ಅಯ್ಯೋ ಪಾಪ’ ಎಂದು ಅವರು ಸುಮ್ಮನಾಗಲಿಲ್ಲ. ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳುಹಿಸಿದರು. ಹಿಂದೂಸ್ತಾನಿಗೆ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಪಾಠ ಕೊಡಿಸಿದರು. ಗದಿಗೆಯ್ಯ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದದ್ದು ಹೀಗೆ.

ಸ್ವಾಮಿಗಳು ಮಠಾಧೀಶರನ್ನು ರೂಪಿಸುವುದಕ್ಕಾಗಿಯೇ 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಕಟ್ಟಿದವರು. ಆದರೂ ಈ ಹುಡುಗನನ್ನು ಮತ್ತೊಬ್ಬ ಮಠಾಧೀಶನನ್ನಾಗಿ ಮಾಡಲು ಹೋಗಲಿಲ್ಲ. ಅವನಲ್ಲಿ ಏನಿತ್ತೋ ಅದನ್ನೇ ಬೆಳೆಸಿದರು. ತಮ್ಮಿಂದ ಆಗದ್ದನ್ನು ಬಲ್ಲವರಿಗೆ ಒಪ್ಪಿಸಿದರು. ಗುರುವಿನ ದೊಡ್ಡತನ ಇರುವುದು ಇಲ್ಲಿ.

ಗವಾಯಿಗಳೂ ಅದೇ ದಾರಿ ಹಿಡಿದರು. ಇದೇ ತಾಲ್ಲೂಕಿನ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರನ್ನು ಜೊತೆಗಿಟ್ಟುಕೊಂಡು ಕಲಿಸಿದರು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದವರು ಪುಟ್ಟರಾಜರೇ. ಅಲ್ಲಿ ಅನ್ನ, ಆಸರೆ, ವಿದ್ಯೆ ಮೂರನ್ನೂ ಪಡೆದ ಅಂಧ ಮಕ್ಕಳು ಹಾರ್ಮೋನಿಯಂ, ತಬಲಾ ನುಡಿಸಿ, ಹಾಡಿ, ಕೀರ್ತನೆ ಹೇಳಿ ಸ್ವಂತ ಕಾಲ ಮೇಲೆ ನಿಂತಿದ್ದಾರೆ.

ಒಂದೇ ಸೀಮೆ, ಹಲವು ಬಗೆ

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರಿಗೆ (1819–1889) ಗುರುವಾಗಿ ಸಿಕ್ಕವರು ಕಳಸದ ಗೋವಿಂದಭಟ್ಟರು. ಭಟ್ಟರು ಮುಸ್ಲಿಂ ಶಿಷ್ಯನ ಕೊರಳಿಗೆ ಜನಿವಾರ ಹಾಕಿದ ಕಥೆಯನ್ನು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಊರ ಮಾತಿಗೆ ಹೆದರದೆ ಶಿಷ್ಯನ ಪಕ್ಕ ನಿಲ್ಲುವುದೂ ಮಾರ್ಗದರ್ಶನವೇ.

ಅದೇ ತಾಲ್ಲೂಕಿನ ಬಾಡದ ಕನಕದಾಸರು ದಂಡನಾಯಕನ ಕತ್ತಿ ಕೆಳಗಿಟ್ಟು ಹರಿದಾಸರಾದರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ–ರಾಗಿಯ ಜಗಳ ಬಿಡಿಸಲು ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಯಾರನ್ನೂ ಬೈಯದೆ, ಮೇಲು–ಕೀಳೆಂಬ ಸೊಕ್ಕನ್ನು ಕೇಳುಗನೇ ಪ್ರಶ್ನಿಸುವಂತೆ ಮಾಡಿದ ಕಥೆಯದು.

ಹಿರೇಕೆರೂರು ಸೀಮೆಯಲ್ಲಿ ಅಬಲೂರು, ಮಾಸೂರುಗಳು ಸರ್ವಜ್ಞ ನಮ್ಮವನೆಂದು ಹೆಮ್ಮೆಪಡುತ್ತವೆ. ಅವನಿಗೆ ಮಠವಿಲ್ಲ, ಪೀಠವಿಲ್ಲ. ಮೂರು ಸಾಲಿನಲ್ಲಿ ಹೇಳಿ ಮುಂದೆ ನಡೆದ. ಓದುಬರಹ ಇಲ್ಲದವರೂ ಆ ತ್ರಿಪದಿಗಳನ್ನು ಬಾಯಿಪಾಠ ಮಾಡಿ ಉಳಿಸಿಕೊಂಡರು.

ಇಡೀ ನಾಡು ದಿಕ್ಕು ಬದಲಿಸಿದ ಉದಾಹರಣೆ ಸವಣೂರಿನದು. 1909ರಲ್ಲಿ ಅಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ನೇತೃತ್ವದ ಸಮಿತಿ, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟಿತು. ಅದರ ಜಾರಿಗಾಗಿ ಬೀದಿಗಿಳಿದವರಲ್ಲಿ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರೂ ಒಬ್ಬರು. ನಟ ರಾಜಕುಮಾರ್ ಮುಂದೆ ನಿಂತ ಮೇಲೆ ಚಳವಳಿ ಮನೆಮನೆ ಮುಟ್ಟಿತು. ವಿದ್ವಾಂಸನ ಲೇಖನಿ, ಹೋರಾಟಗಾರನ ಗಂಟಲು, ಕಲಾವಿದನ ಮೇಲಿನ ಜನರ ಪ್ರೀತಿ ಮೂರೂ ಕೂಡಿದಾಗಲೇ ಸರ್ಕಾರ ಕಿವಿಗೊಟ್ಟಿತು.

ಈ ನಾಲ್ಕು ತಾಲ್ಲೂಕುಗಳಿಗೆ ಈಗಲೂ ನಾಯಕರ ಕೊರತೆಯಿಲ್ಲ. ಆದರೆ ಜನರನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಿರುಗುವುದು ಬೇರೆ, ಅವರನ್ನು ಸ್ವಂತ ದಾರಿಯಲ್ಲಿ ನಡೆಯಲು ಶಕ್ತರನ್ನಾಗಿ ಮಾಡುವುದು ಬೇರೆ. ಹಿಂಬಾಲಕರ ಸಂಖ್ಯೆ ನಾಯಕತ್ವದ ಅಳತೆಯಲ್ಲ. ನಾಯಕನಿಲ್ಲದ ದಿನವೂ ಎಷ್ಟು ಜನ ತಲೆಯೆತ್ತಿ ನಡೆಯುತ್ತಾರೆ ಎಂಬುದೇ ಅಳತೆ. ಶಿಕ್ಷಕರು, ಸ್ವಾಮಿಗಳು, ಪಂಚಾಯಿತಿ ಸದಸ್ಯರು, ಹೆತ್ತವರು ತಮ್ಮ ಊರಿನ ಒಂದಾದರೂ ಮಗುವಿನ ಒಲವನ್ನು ಗುರುತಿಸಲಿ, ಅದನ್ನು ಬಲ್ಲವರ ಬಳಿಗೆ ಕೈಹಿಡಿದು ಕರೆದೊಯ್ಯಲಿ. ಕುಮಾರ ಸ್ವಾಮಿಗಳ ನಾಡಿನವರಾದ ನಾವು ಇಷ್ಟನ್ನಾದರೂ ಮಾಡಲೇಬೇಕು.