ರೂಮಿಗೊಂದೇ ಪ್ಲಗ್ಗು!

ಮಿರ್ಲೆ ಕಡೆಯಿಂದ ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋಗುವ ನಮ್ಮಂಥವರಿಗೆ ಮೆಜೆಸ್ಟಿಕ್ ಸುತ್ತಲಿನ ಲಾಡ್ಜುಗಳೇ ಗತಿ. ಗೋಡೆ ತುಂಬಾ ಸ್ವಿಚ್ಚು, ಫ್ಯಾನಿನದು ಯಾವುದೋ ದೇವರೇ ಬಲ್ಲ. ಇರುವ ಒಂದೇ ಪ್ಲಗ್ಗು ಟಿ.ವಿ. ಹಿಂದೆ, ಮೊಬೈಲ್‌ನಲ್ಲಿ ನೋಟ್ಸ್ ಓದುವವರು ಅಲ್ಲೇ ನಿಂತು ಓದಬೇಕು. ಬಿಸಿನೀರು ಆರು ಗಂಟೆಯ ಮೇಲೆ. ಪರೀಕ್ಷಾ ಕೇಂದ್ರ ದೂರವಿದ್ದರೆ ಐದಕ್ಕೇ ತಣ್ಣೀರು ಸುರಿದುಕೊಳ್ಳಬೇಕು.

ಸಾವಿರ ರೂಪಾಯಿಯೊಳಗಿನ ರೂಮಿಗೂ 2022ರ ಜುಲೈ 18ರಿಂದ ಶೇ 12 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5. ತೆರಿಗೆ ಸೇರಿಸುವ ಲಾಡ್ಜಿನಲ್ಲಿ 800 ರೂಪಾಯಿಯ ರೂಮಿಗೆ 56 ರೂಪಾಯಿ ಉಳಿತಾಯ. ಕೆಲಸ ಹುಡುಕುವವರಿಗೆ ಅದೂ ಒಂದು ಹೊತ್ತಿನ ಊಟವೇ. ಬಿಲ್ ನೋಡಿಯೇ ದುಡ್ಡು ಕೊಡಿ.

ಟಿ.ವಿ. ಬೇಡ ಸ್ವಾಮಿ. ಒಂದು ಮೇಜು, ಒಳ್ಳೆ ಲೈಟು, ಐದಕ್ಕೆ ಬಿಸಿನೀರು ಸಾಕು. ಅಲ್ಲಿಯವರೆಗೆ, ಗೆಳೆಯರೇ, ಹಾಲ್‌ಟಿಕೆಟ್ ಜತೆ ಎಕ್ಸ್‌ಟೆನ್ಷನ್ ಬೋರ್ಡೂ ಬ್ಯಾಗಿನಲ್ಲಿರಲಿ.