ಎಷ್ಟು ಮಾರಿದರೆ ಲಾಭ?

“ಪೊಟ್ಟಣವೊಂದಕ್ಕೆ ಇಪ್ಪತ್ತನಾಲ್ಕು ರೂಪಾಯಿ ಮಿಗುತ್ತದೆ, ಮೇಷ್ಟ್ರೇ. ತಿಂಗಳಿಗೆ ನಾನೂರೈವತ್ತು ಪೊಟ್ಟಣ ಮಾರುತ್ತೇನೆ. ಆದರೂ ತಿಂಗಳ ಕೊನೆಗೆ ಮನೆಯ ಹಣವನ್ನೇ ತೆಗೆದು ಹಾಕಬೇಕಾಗುತ್ತದೆ. ಈ ದುಡ್ಡೆಲ್ಲ ಹೋಗುವುದಾದರೂ ಎಲ್ಲಿಗೆ?”

ನಮ್ಮ ಬೀದಿಯಲ್ಲಿ ಚಕ್ಕುಲಿ ಮಾಡಿ ಮಾರುವ ಗೃಹಿಣಿಯೊಬ್ಬರು ಹೀಗೆ ಕೇಳಿದಾಗ ಅವರ ಕೈಯಲ್ಲಿ ಲೆಕ್ಕದ ಪುಸ್ತಕವೂ ಮುಖದಲ್ಲಿ ಚಿಂತೆಯೂ ಇದ್ದುವು. ಚಕ್ಕುಲಿಯ ರುಚಿಯಲ್ಲಿ ಕುಂದಿರಲಿಲ್ಲ; ಕೊಂಡವರು ಮರಳಿ ಕೊಳ್ಳುತ್ತಿದ್ದರು. “ಬೆಲೆಯನ್ನು ಎಂಟು ರೂಪಾಯಿ ಇಳಿಸಿ ನೋಡಿ, ಅಮ್ಮ, ಮಾರಾಟ ತಾನೇ ಏರುತ್ತದೆ” ಎಂದು ಅಂಗಡಿಯವರು ಬುದ್ಧಿ ಹೇಳಿದ್ದರಂತೆ. ಬೆಲೆ ಇಳಿಸುವುದೇ, ಕೆಲಸವನ್ನೇ ನಿಲ್ಲಿಸುವುದೇ ಎಂಬುದು ಅವರ ಮುಂದಿದ್ದ ಪ್ರಶ್ನೆ.

ಪುಸ್ತಕದಲ್ಲಿ ಖರ್ಚುಗಳೆಲ್ಲ ಒಂದೇ ಸಾಲಿನಲ್ಲಿದ್ದುವು. ಮೊದಲು ಅವನ್ನು ಎರಡಾಗಿ ಬೇರ್ಪಡಿಸಿದೆವು. ಮಾಡಿದ ಮಾಲಿನೊಡನೆ ಏರುವ ಖರ್ಚು ಒಂದು ಬಗೆ. ಕಾಲು ಕಿಲೋ ಪೊಟ್ಟಣದ ಬೆಲೆ ೮೦ ರೂಪಾಯಿ. ಅದರಲ್ಲಿ ಹಿಟ್ಟು, ಬೆಣ್ಣೆ, ಎಣ್ಣೆ, ಗ್ಯಾಸು, ಕವರುಗಳಿಗೆ ೪೪. ಅಂಗಡಿಯವರ ಕಮಿಷನ್ ೧೨. ಮಿಕ್ಕಿದ್ದು ೨೪. ಒಂದು ಪೊಟ್ಟಣವನ್ನೂ ಮಾರದಿದ್ದರೂ ತಪ್ಪದ ಖರ್ಚು ಇನ್ನೊಂದು ಬಗೆ. ಕೋಣೆಯ ಬಾಡಿಗೆ ೫,೦೦೦. ಸಹಾಯಕಿಯ ಸಂಬಳ ೬,೦೦೦. ದೀಪ, ನೀರು ಮೊದಲಾದುವಕ್ಕೆ ೧,೦೦೦. ಒಟ್ಟು ೧೨,೦೦೦ ರೂಪಾಯಿ.

ಇನ್ನು ಬೀಜಗಣಿತದ ಸರದಿ. ಎಷ್ಟು ಪೊಟ್ಟಣ ಮಾರಿದರೆ ನಷ್ಟವಿಲ್ಲ? ಆ ತಿಳಿಯದ ಸಂಖ್ಯೆಯನ್ನು ‘ಕ್ಷ’ ಎನ್ನೋಣ. ಪ್ರತಿ ಪೊಟ್ಟಣದ ೨೪ ರೂಪಾಯಿ ಕೂಡಿ ಕೂಡಿ ೧೨,೦೦೦ ಆಗಬೇಕು.

೨೪ ಕ್ಷ = ೧೨,೦೦೦
ಕ್ಷ = ೫೦೦

ಐನೂರನೆಯ ಪೊಟ್ಟಣದವರೆಗೆ ಅವರು ದುಡಿಯುವುದೆಲ್ಲ ಬಾಡಿಗೆಗೆ ಮತ್ತು ಸಂಬಳಕ್ಕೆ. ಲಾಭದ ಮೊದಲ ರೂಪಾಯಿ ಹುಟ್ಟುವುದು ಐನೂರ ಒಂದನೆಯದರಲ್ಲಿ. ನಾನೂರೈವತ್ತಕ್ಕೆ ನಿಂತುದರಿಂದ ೫೦ ಪೊಟ್ಟಣಗಳ ಕೊರತೆ, ಅಂದರೆ ತಿಂಗಳಿಗೆ ೧,೨೦೦ ರೂಪಾಯಿ ನಷ್ಟ. ದುಡ್ಡು ಎಲ್ಲಿಗೂ ಹೋಗಿರಲಿಲ್ಲ, ಬಂದೇ ಇರಲಿಲ್ಲ.

ಇದರಲ್ಲಿ ಅವರ ಸ್ವಂತ ದುಡಿಮೆಗೆ ಕವಡೆಯನ್ನೂ ಬರೆದಿರಲಿಲ್ಲ. “ನನಗೂ ಆರು ಸಾವಿರವಾದರೂ ಉಳಿಯಬೇಡವೇ?” ಎಂದರು. ನ್ಯಾಯವಾದ ಮಾತು. ಆ ಆರು ಸಾವಿರವನ್ನೂ ತಪ್ಪದ ಖರ್ಚಿನೊಡನೆ ಕೂಡಿಸಿದರೆ ೧೮,೦೦೦. ಅದನ್ನು ೨೪ರಿಂದ ಭಾಗಿಸಿದರೆ ೭೫೦ ಪೊಟ್ಟಣ.

ಅಂಗಡಿಯವರ ಸಲಹೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿದೆವು. ಬೆಲೆ ೭೨ಕ್ಕೆ ಇಳಿದರೂ ಎಣ್ಣೆ, ಹಿಟ್ಟುಗಳ ಖರ್ಚಾಗಲಿ ಕಮಿಷನ್ನಾಗಲಿ ಇಳಿಯುವುದಿಲ್ಲ. ಮಿಗುವುದು ೧೬ ರೂಪಾಯಿ ಮಾತ್ರ. ಆಗ ನಷ್ಟವಿಲ್ಲದಿರುವುದಕ್ಕೇ ೭೫೦ ಪೊಟ್ಟಣ, ಆರು ಸಾವಿರ ಉಳಿಸುವುದಕ್ಕೆ ೧,೧೨೫ ಪೊಟ್ಟಣ ಮಾರಬೇಕು. ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಇಳಿಸಿದರೆ ಮಾರಾಟ ಒಂದೂವರೆ ಪಟ್ಟು ಏರಬೇಕೆಂದಾಯಿತು! ಗಿರಾಕಿಗಳು ಅಷ್ಟು ಹೆಚ್ಚುವರೇ, ಇಬ್ಬರ ಕೈ ಅಷ್ಟು ಚಕ್ಕುಲಿ ಒತ್ತೀತೇ ಎಂಬುದನ್ನು ಸಮೀಕರಣ ಹೇಳದು. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಅದು ತೋರಿಸಿಕೊಡುತ್ತದೆ.

ವ್ಯಾಪಾರಕ್ಕೂ ಗಣಿತಕ್ಕೂ ನಮ್ಮಲ್ಲಿ ಹಳೆಯ ನಂಟು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತಗ್ರಂಥದ ಹೆಸರೇ ‘ವ್ಯವಹಾರಗಣಿತ’. ಅದೇ ಶತಮಾನದ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ತಿಳಿಯದ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದರು. ಎಷ್ಟೋ ಅಷ್ಟು ಎಂದು ಅದರ ಅರ್ಥ. ನಮ್ಮ ಗೃಹಿಣಿ ಕೇಳಿದ್ದೂ ಆ ‘ಎಷ್ಟು’ ಎಂಬುದನ್ನೇ.

ಬೆಲೆ ಇಳಿಸುವ ಯೋಚನೆಯನ್ನು ಅವರು ಕೈಬಿಟ್ಟರು. ಲೆಕ್ಕದ ಹಾಳೆಯನ್ನು ಬಹಳ ಹೊತ್ತು ನೋಡುತ್ತಿದ್ದು, ಬಾಡಿಗೆಯ ಮೇಲೆ ಬೆರಳಿಟ್ಟರು. “ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಸಾಮಾನು ತುಂಬಿದೆ. ಅದನ್ನು ತೆರವು ಮಾಡಿದರೆ?”

ತಪ್ಪದ ಖರ್ಚು ೭,೦೦೦ಕ್ಕೆ ಇಳಿಯಿತು. ೨೪ರಿಂದ ಭಾಗಿಸಿದರೆ ೨೯೧ರ ಮೇಲೆ ಸ್ವಲ್ಪ. ಪೊಟ್ಟಣವನ್ನು ಒಡೆದು ಮಾರುವಂತಿಲ್ಲವಾದುದರಿಂದ ೨೯೨. ಅದೇ ನಾನೂರೈವತ್ತು ಪೊಟ್ಟಣಗಳಿಗೆ ಈಗ ೩,೮೦೦ ರೂಪಾಯಿ ಉಳಿಯುತ್ತದೆ. ಅವರು ಬಯಸಿದ ಆರು ಸಾವಿರಕ್ಕೆ ೫೪೨ ಪೊಟ್ಟಣ ಬೇಕು. ಹಿಂದೆ ಮುನ್ನೂರು ಪೊಟ್ಟಣ ದೂರವಿದ್ದ ಗುರಿ ಈಗ ತೊಂಬತ್ತೆರಡು ಪೊಟ್ಟಣ ದೂರದಲ್ಲಿದೆ.

ಅವರ ಅಡಿಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರಿದೆ. ಪ್ರತಿ ತಿಂಗಳೂ ಇನ್ನೂರ ತೊಂಬತ್ತೆರಡನೆಯ ಪೊಟ್ಟಣ ಮಾರಿದ ದಿನದ ಸುತ್ತ ಅವರು ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾರೆ. “ಇವತ್ತಿನಿಂದ ನಮ್ಮದು, ಮೇಷ್ಟ್ರೇ” ಎಂದು ಆ ದಿನ ನಮ್ಮ ಮನೆಗೂ ನಾಲ್ಕು ಚಕ್ಕುಲಿ ಬರುತ್ತದೆ.