ಒಂದು ದಶಾಂಶದ ಗೆಲುವು

ಹಿಮದ ಇಳಿಜಾರಿನಲ್ಲಿ ಉದ್ದನೆಯ ಸ್ಕೀ ಹಲಗೆಗಳ ಮೇಲೆ ವೇಗವಾಗಿ ಜಾರಿಬಂದು, ಅಂಚಿನಿಂದ ಗಾಳಿಗೆ ನೆಗೆದು, ನೂರು ಮೀಟರಿಗೂ ಮಿಗಿಲಾದ ದೂರದಲ್ಲಿ ನೆಲ ಮುಟ್ಟುವ ಕ್ರೀಡೆಯೇ ಸ್ಕೀ ಜಿಗಿತ. ಇದರಲ್ಲಿ ದೂರದಂತೆಯೇ ಶೈಲಿಗೂ ಅಂಕಗಳುಂಟು. ಐವರು ತೀರ್ಪುಗಾರರು ಕೊಟ್ಟ ಅಂಕಗಳಲ್ಲಿ ಗರಿಷ್ಠ ಹಾಗೂ ಕನಿಷ್ಠವನ್ನು ಬಿಟ್ಟು ಉಳಿದ ಮೂರನ್ನು ಮಾತ್ರ ಪರಿಗಣಿಸಲಾಗುತ್ತದೆ.

ಆಸ್ಟ್ರಿಯದ ಥಾಮಸ್ ಮಾರ್ಗನ್‌ಸ್ಟರ್ನ್ ಜನಿಸಿದ್ದು 1986ರಲ್ಲಿ. 2003ರ ಜನವರಿಯಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ಅವರು ಚೆಕ್ ದೇಶದ ಲಿಬೆರೆಟ್ಸ್‌ನಲ್ಲಿ ವಿಶ್ವಕಪ್ ಸರಣಿಯ ಮೊದಲ ವಿಜಯವನ್ನು ಗಳಿಸಿದರು. ಅದೇ ವರ್ಷ ಕಿರಿಯರ ವಿಶ್ವ ಚಾಂಪಿಯನ್ ಪಟ್ಟವೂ ಅವರದಾಯಿತು. ವರ್ಷಾಂತ್ಯದಲ್ಲಿ ಫಿನ್ಲೆಂಡಿನ ಕೂಸಾಮೊದಲ್ಲಿ ಭೀಕರವಾಗಿ ಬಿದ್ದರೂ ಅವರು ಕ್ರೀಡೆಯನ್ನು ತೊರೆಯಲಿಲ್ಲ.

2006ರ ಟುರಿನ್ ಒಲಿಂಪಿಕ್ಸ್‌ನ ದೊಡ್ಡ ಜಿಗಿತದಲ್ಲಿ ಅವರು ಸ್ವದೇಶದವರೇ ಆದ ಆಂಡ್ರಿಯಾಸ್ ಕೋಫ್ಲರ್ ಅವರನ್ನು ಕೇವಲ 0.1 ಅಂಕದಿಂದ ಹಿಂದಿಕ್ಕಿ ಸ್ವರ್ಣ ಪದಕ ಪಡೆದರು. ಅಲ್ಲಿ ಅರ್ಧ ಮೀಟರ್ ದೂರಕ್ಕೇ 0.9 ಅಂಕವಿತ್ತೆಂಬುದನ್ನು ನೆನೆದರೆ ಈ ಅಂತರ ಎಷ್ಟು ಸೂಕ್ಷ್ಮವೆಂಬುದು ವೇದ್ಯವಾಗುತ್ತದೆ. ಮುಂದೆ 2007-08 ಮತ್ತು 2010-11ರಲ್ಲಿ ಸಮಗ್ರ ವಿಶ್ವಕಪ್ ಅವರ ಪಾಲಾಯಿತು.

2014ರ ಜನವರಿಯಲ್ಲಿ ಆಸ್ಟ್ರಿಯದ ಕುಲ್ಮ್‌ನಲ್ಲಿ ಮತ್ತೆ ಬಿದ್ದು ತಲೆಗೆ ಪೆಟ್ಟಾಯಿತು. ಮರುತಿಂಗಳೇ ಸೋಚಿಯಲ್ಲಿ ತಂಡದೊಡನೆ ರಜತ ಪದಕ ಗೆದ್ದ ಅವರು, ಸೆಪ್ಟೆಂಬರಿನಲ್ಲಿ ಸ್ಪರ್ಧಾರಂಗಕ್ಕೆ ವಿದಾಯ ಹೇಳಿದರು. ಬಿದ್ದು ಏಳುವುದು ಧೈರ್ಯವೆಂಬುದು ನಿಜ. ನಿಲ್ಲಬೇಕಾದ ಕಾಲವನ್ನು ತಾನೇ ಅರಿಯುವುದೂ ಅದಕ್ಕೆ ಕಡಿಮೆಯಾದುದಲ್ಲ.